ಲೆಕ್ಕಕ್ಕೆ ಬಾರದ ದಿನಗಳು

1956ರ ಬೇಸಿಗೆಯಲ್ಲಿ ಅಮೆರಿಕದ ಮಯಾಮಿ ನಗರದ ಬೇಸ್‌ಬಾಲ್ ತಂಡದಲ್ಲಿ ಒಬ್ಬ ಹಿರಿಯ ಪಿಚರ್ ಇದ್ದರು. ಪಿಚರ್ ಎಂದರೆ ಚೆಂಡೆಸೆಯುವವನು. ನಮ್ಮ ಕ್ರಿಕೆಟ್ಟಿನ ಬೌಲರ್‌ಗೆ ದಾಯಾದಿ ಎನ್ನಬಹುದು. ಆ ವರ್ಷದ ಜುಲೈ 7ಕ್ಕೆ ಅವರಿಗೆ ಐವತ್ತು ತುಂಬಿತು. ಬೇಸ್‌ಬಾಲಿನಲ್ಲಿ ನಲವತ್ತು ದಾಟಿದ ತೋಳನ್ನು ಮುದಿತೋಳೆಂದೇ ಬಗೆಯುತ್ತಾರೆ. ಆದರೂ ಆ ಋತುವಿನಲ್ಲಿ ಅವರು 111 ಇನಿಂಗ್ಸ್ ಎಸೆದರು, 11 ಗೆಲುವುಗಳು ಅವರ ಹೆಸರಿಗೆ ಸೇರಿದವು, ಸೋಲುಗಳು ನಾಲ್ಕೇ. ಒಂಬತ್ತು ಇನಿಂಗ್ಸಿಗೆ ಅವರು ಬಿಟ್ಟುಕೊಟ್ಟ ರನ್ನುಗಳ ಸರಾಸರಿ 1.86. ಇಪ್ಪತ್ತೈದರ ಯುವಕನ ಹೆಸರಿನ ಮುಂದೆ ಈ ಅಂಕಿಗಳಿದ್ದರೆ ಮೇಲಿನ ದರ್ಜೆಯ ಲೀಗಿನಿಂದ ವಾರದೊಳಗೆ ಕರೆ ಬರುತ್ತಿತ್ತು. ಈ ಐವತ್ತರ ಪಿಚರ್‌ಗೆ ಬರಲಿಲ್ಲ.

ಅವರ ಹೆಸರು ಲೆರಾಯ್ ರಾಬರ್ಟ್ ಪೇಜ್. ಜಗತ್ತು ಅವರನ್ನು ಬಲ್ಲದ್ದು ಸ್ಯಾಚೆಲ್ ಪೇಜ್ ಎಂದು. ಅವರ ಕುರಿತ ಬರಹಗಳು ಸಾಮಾನ್ಯವಾಗಿ ಯೌವನದ ವೇಗವನ್ನೂ ಮಾತಿನ ಚಮತ್ಕಾರವನ್ನೂ ಕೊಂಡಾಡಿ ಮುಗಿಯುತ್ತವೆ. ಇಳಿವಯಸ್ಸಿನಲ್ಲಿ ಕೆಳದರ್ಜೆಯ ಲೀಗಿನ ಬೆಂಚಿನ ಮೇಲೆ ಕುಳಿತು ಅವರು ಕಳೆದ ದಿನಗಳು ಒಂದು ವಾಕ್ಯದಲ್ಲಿ ಬಂದು ಹೋಗುತ್ತವೆ. ಆದರೆ ಅಮೆರಿಕದ ಸಮಾಜ ಒಬ್ಬ ಮನುಷ್ಯನ ದುಡಿಮೆಯನ್ನು ಹೇಗೆ ಎಣಿಸಿತು, ಯಾವುದನ್ನು ಎಣಿಕೆಯಿಂದ ಹೊರಗಿಟ್ಟಿತು ಎಂಬುದನ್ನು ಅರಿಯಲು ಆ ದಿನಗಳೇ ಹೆಚ್ಚು ನೆರವಾಗುತ್ತವೆ.

ಏಣಿ ಮತ್ತು ಅದರ ಮೆಟ್ಟಿಲುಗಳು

ಬೇಸ್‌ಬಾಲಿನ ಪರಿಚಯವಿಲ್ಲದವರಿಗಾಗಿ ಅದರ ಏರ್ಪಾಟನ್ನು ಮೊದಲು ಹೇಳಬೇಕು. ಪಂದ್ಯವೊಂದಕ್ಕೆ ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸಿನಲ್ಲೂ ಎರಡೂ ತಂಡಗಳು ಸರದಿಯಂತೆ ಮೂವರು ಔಟಾಗುವವರೆಗೆ ಬ್ಯಾಟು ಬೀಸುತ್ತವೆ. ಕ್ರಿಕೆಟ್ಟಿನಲ್ಲಿ ಬೌಲರುಗಳು ಓವರಿಗೊಬ್ಬರಂತೆ ಬದಲಾದರೆ, ಇಲ್ಲಿ ಒಬ್ಬನೇ ಪಿಚರ್ ಸತತವಾಗಿ ಎಸೆಯುತ್ತ ಹೋಗುತ್ತಾನೆ. ಅವನು ದಣಿದಾಗ ಅಥವಾ ಪೆಟ್ಟು ತಿಂದಾಗ ಮತ್ತೊಬ್ಬನನ್ನು ಕರೆಸುತ್ತಾರೆ. ಒಮ್ಮೆ ಹೊರಬಂದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಹೀಗೆ ನಡುವೆ ಬರುವವರು ಮೈದಾನದ ಅಂಚಿನಲ್ಲಿ ತೋಳು ಕಾಯಿಸಿಕೊಳ್ಳುತ್ತ, ಕರೆಗಾಗಿ ಕಾಯುತ್ತ ಕೂರುವ ಜಾಗಕ್ಕೆ ಬುಲ್‌ಪೆನ್ ಎಂದು ಹೆಸರು.

ಆಟದ ಶಿಖರದಲ್ಲಿರುವುದು ಮೇಜರ್ ಲೀಗ್. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೈನರ್ ಲೀಗುಗಳಿವೆ. ಅವುಗಳಲ್ಲಿ ಅತ್ಯಂತ ಮೇಲಿನದಕ್ಕೆ ಟ್ರಿಪಲ್-ಎ ದರ್ಜೆ ಎನ್ನುತ್ತಾರೆ. ಒಂದೊಂದು ಮೇಜರ್ ತಂಡಕ್ಕೂ ಕೆಳಗಿನ ದರ್ಜೆಗಳಲ್ಲಿ ತನ್ನವೇ ಆದ ತಂಡಗಳಿರುವ ಪದ್ಧತಿಯನ್ನು 1920ರ ದಶಕದಲ್ಲಿ ಬೆಳೆಸಿದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ. ಈ ಕೆಳತಂಡಗಳಲ್ಲಿ ಎರಡು ಬಗೆಯ ಜನರಿರುತ್ತಾರೆ. ಒಂದು, ಮೇಲೇರಲು ಹೊರಟ ಹುಡುಗರು. ಇನ್ನೊಂದು, ಒಮ್ಮೆ ಮೇಲಿದ್ದು ಇಳಿದು ಬಂದ ಹಿರಿಯರು. ಮೇಲಿನ ತಂಡದ ಯಾರದಾದರೂ ಭುಜ ಉಳುಕಿದರೆ ತುಂಬಿಸಲು ಒಂದು ಅನುಭವಿ ತೋಳು ಕೈಗೆ ಸಿಗುವಂತಿರಲಿ ಎಂದು ಈ ಹಿರಿಯ ಪಿಚರ್‌ಗಳನ್ನು ಇರಿಸಿಕೊಳ್ಳುತ್ತಾರೆ. ಮನೆಯ ಅಟ್ಟದ ಮೇಲಿನ ಕಟ್ಟಿಗೆಯಂತೆ ಅವರು ಮಳೆಗಾಲಕ್ಕೆ ಕೂಡಿಟ್ಟ ದಾಸ್ತಾನು. ಎಷ್ಟೋ ವರ್ಷ ಆ ಮಳೆ ಬರುವುದೇ ಇಲ್ಲ.

ಮಯಾಮಿಯ ಮಾರ್ಲಿನ್ಸ್ ತಂಡ ಆಡುತ್ತಿದ್ದುದು ಟ್ರಿಪಲ್-ಎ ದರ್ಜೆಯ ಇಂಟರ್‌ನ್ಯಾಷನಲ್ ಲೀಗಿನಲ್ಲಿ. ಅದರ ಮೇಲಿನ ತಂಡ ಫಿಲಡೆಲ್ಫಿಯಾ ಫಿಲೀಸ್. ಈ ಎರಡೂ ಹೆಸರುಗಳನ್ನು ಓದುಗರು ನೆನಪಿನಲ್ಲಿಡಬೇಕು.

1887ರ ತೀರ್ಮಾನ

ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಬೆರಳೆಣಿಕೆಯ ಕಪ್ಪು ಆಟಗಾರರು ಬಿಳಿಯರ ಲೀಗುಗಳಲ್ಲಿ ಆಡುತ್ತಿದ್ದರು. ಇಂಟರ್‌ನ್ಯಾಷನಲ್ ಲೀಗಿನ ನ್ಯೂಆರ್ಕ್ ತಂಡದಲ್ಲಿ ಜಾರ್ಜ್ ಸ್ಟೋವಿ ಎಂಬ ಕಪ್ಪು ಪಿಚರ್ ಇದ್ದರು. ಅಂದಿನ ಉತ್ತಮ ಪಿಚರ್‌ಗಳ ಸಾಲಿನಲ್ಲಿ ಅವರ ಹೆಸರಿತ್ತು. 1887ರ ಜುಲೈ 14ರಂದು ಆ ಲೀಗಿನ ಮಾಲೀಕರು ಸಭೆ ಸೇರಿ, ಇನ್ನು ಮುಂದೆ ಕಪ್ಪು ಆಟಗಾರರೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳಕೂಡದೆಂದು ಮತ ಹಾಕಿ ತೀರ್ಮಾನಿಸಿದರು. ಅದೇ ದಿನ ನ್ಯೂಆರ್ಕಿನಲ್ಲಿ ನಡೆಯಬೇಕಿದ್ದ ಪ್ರದರ್ಶನ ಪಂದ್ಯದಲ್ಲಿ, ಸ್ಟೋವಿ ಕಣಕ್ಕಿಳಿದರೆ ತಾವು ಆಡುವುದಿಲ್ಲವೆಂದು ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್ ಪಟ್ಟು ಹಿಡಿದರು. ಸ್ಟೋವಿ ಆಡಲಿಲ್ಲ.

ಮುಂದಿನ ಕೆಲವೇ ವರ್ಷಗಳಲ್ಲಿ ಈ ನಡೆ ಎಲ್ಲ ದರ್ಜೆಗಳಿಗೂ ಹಬ್ಬಿತು. ಮೇಜರ್ ಲೀಗಿನಲ್ಲಿ ಇದನ್ನು ಯಾರೂ ನಿಯಮವಾಗಿ ಬರೆಯಲಿಲ್ಲ. ಬರೆದಿದ್ದರೆ ಅಳಿಸಲು ಒಂದು ಸಾಲಾದರೂ ಇರುತ್ತಿತ್ತು. ಸಭ್ಯರ ನಡುವಿನ ಒಪ್ಪಂದವೆಂದು ಕರೆಸಿಕೊಂಡ ಈ ಮೌನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಕಪ್ಪು ಆಟಗಾರರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು, 1920ರಿಂದ ತಮ್ಮದೇ ಲೀಗುಗಳನ್ನು ನಡೆಸಿದರು. ಇವೇ ಚರಿತ್ರೆಯಲ್ಲಿ ನೀಗ್ರೋ ಲೀಗ್ ಎಂಬ ಹೆಸರು ಪಡೆದವು.

ಗೋಡೆಯ ಆಚೆ

ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಬಂದರು ನಗರದಲ್ಲಿ. ತಾಯಿ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದರು. ಬಾಲಕ ಲೆರಾಯ್ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲಗಳನ್ನು ಹೊರುತ್ತಿದ್ದ. ಒಂದು ಕೋಲಿಗೆ ಹಗ್ಗ ಕಟ್ಟಿ ನಾಲ್ಕಾರು ಚೀಲಗಳನ್ನು ಒಮ್ಮೆಗೇ ತೂಗಿಸಿಕೊಂಡು ನಡೆದುದರಿಂದ ಚೀಲ ಎಂಬರ್ಥದ ಸ್ಯಾಚೆಲ್ ಎಂಬ ಅಡ್ಡಹೆಸರು ಬಂತೆಂದು ಅವರೇ ಹೇಳುತ್ತಿದ್ದರು. ಹನ್ನೆರಡರ ವಯಸ್ಸಿನಲ್ಲಿ, 1918ರಲ್ಲಿ, ಸಣ್ಣ ಕಳ್ಳತನಕ್ಕಾಗಿ ಅವರನ್ನು ಮೌಂಟ್ ಮೆಗ್ಸ್ ಎಂಬಲ್ಲಿದ್ದ ಕಪ್ಪು ಮಕ್ಕಳ ಸುಧಾರಣಾ ಶಾಲೆಗೆ ಕಳುಹಿಸಿದರು. ಐದು ವರ್ಷ ಅಲ್ಲಿದ್ದರು. ಚೆಂಡೆಸೆಯುವ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿತದ್ದು ಅಲ್ಲಿಯೇ.

1926ರಲ್ಲಿ ಚಟನೂಗಾ ನಗರದ ಕಪ್ಪು ತಂಡದಲ್ಲಿ ಅವರ ವೃತ್ತಿ ಆರಂಭವಾಯಿತು. ಅಲ್ಲಿಂದ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್. 1935ರಲ್ಲಿ ಉತ್ತರ ಡಕೋಟದ ಬಿಸ್ಮಾರ್ಕ್ ಪಟ್ಟಣದಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿ ಆಡುತ್ತಿದ್ದ ಅಪರೂಪದ ತಂಡ. 1937ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ಟ್ರುಹಿಯೋನ ಹೆಸರು ಹೊತ್ತ ತಂಡ. ಹಣ ಕೊಟ್ಟು ಕರೆದಲ್ಲಿಗೆಲ್ಲ ಹೋದರು. ಅವರು ನಿಷ್ಠೆಯಿಲ್ಲದವರು ಎಂದು ದೂರಿದವರುಂಟು. ಆದರೆ ತನ್ನ ಮುಖ್ಯ ಬಾಗಿಲನ್ನು ಮುಚ್ಚಿಕೊಂಡ ಊರಿನಲ್ಲಿ ಒಬ್ಬನು ಯಾವ ಮನೆಗೆ ನಿಷ್ಠನಾಗಿರಬೇಕು?

ಋತು ಮುಗಿದ ಮೇಲೆ ನಡೆಯುತ್ತಿದ್ದ ಪ್ರದರ್ಶನ ಪಂದ್ಯಗಳಲ್ಲಿ ಮಾತ್ರ ಬಿಳಿಯ ತಾರೆಯರು ಅವರ ಎದುರು ನಿಲ್ಲಬಹುದಿತ್ತು. ಡಿಜಿ ಡೀನ್ ಅವರೊಡನೆ ಊರೂರು ಸುತ್ತಿ ಎಸೆದರು. ತಾನು ಎದುರಿಸಿದ ಪಿಚರ್‌ಗಳಲ್ಲಿ ಪೇಜ್ ಅವರೇ ಶ್ರೇಷ್ಠರೆಂದು ಜೋ ಡಿಮಾಜಿಯೋ ಹೇಳಿದರು. 1946ರಲ್ಲಿ ಬಾಬ್ ಫೆಲ್ಲರ್ ಕಟ್ಟಿದ ಬಿಳಿಯರ ತಂಡವೂ ಪೇಜ್ ಮುಂದಾಳಾಗಿದ್ದ ತಂಡವೂ ವಿಮಾನಗಳಲ್ಲಿ ದೇಶ ಸುತ್ತಿ ಆಡಿದವು. ಜನ ಹಣ ತೆತ್ತು ನೋಡಿದರು. ಆದರೆ ಅವು ಪ್ರದರ್ಶನ ಪಂದ್ಯಗಳು; ಮೇಜರ್ ಲೀಗಿನ ದಾಖಲೆಯ ಪುಸ್ತಕದಲ್ಲಿ ಅವುಗಳಿಗೆ ಜಾಗವಿರಲಿಲ್ಲ.

ಮಯಾಮಿಗೂ ಬಹಳ ಮೊದಲೇ ಪೇಜ್ ಒಮ್ಮೆ ಕೆಳಕ್ಕಿಳಿದಿದ್ದರು. 1938ರಲ್ಲಿ ಮೆಕ್ಸಿಕೋದಲ್ಲಿ ಆಡುತ್ತಿದ್ದಾಗ ಅವರ ತೋಳು ಸತ್ತಂತಾಯಿತು. ಇನ್ನು ಎಸೆಯಲಾಗದೆಂಬ ಮಾತು ವೈದ್ಯರಿಂದಲೇ ಬಂತು. ಆಗ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ಜೆ. ಎಲ್. ವಿಲ್ಕಿನ್ಸನ್ ಅವರನ್ನು ತಮ್ಮ ಸಂಚಾರಿ ಎರಡನೆಯ ತಂಡಕ್ಕೆ ಸೇರಿಸಿಕೊಂಡರು. ಹೆಸರು ನೋಡಿ ಜನ ಬರುತ್ತಾರೆಂಬ ವ್ಯಾಪಾರದ ಲೆಕ್ಕ ಅದರಲ್ಲಿತ್ತು. ಬಿದ್ದವನಿಗೆ ಕೈಕೊಡುವ ಸೌಜನ್ಯವೂ ಇತ್ತು. ಸಣ್ಣ ಊರುಗಳಲ್ಲಿ ಮೆಲ್ಲಗೆ ಎಸೆಯುತ್ತ, ವೇಗಕ್ಕೆ ಬದಲಾಗಿ ವಂಚನೆಯನ್ನೂ ಗುರಿಯನ್ನೂ ರೂಢಿಸಿಕೊಳ್ಳುತ್ತ ಪೇಜ್ ಮರಳಿ ಕಟ್ಟಿಕೊಂಡರು. ತೋಳಿಗೆ ಜೀವ ಬಂತು. ಐವತ್ತರಲ್ಲಿ ಮಯಾಮಿಯಲ್ಲಿ ಎಸೆದದ್ದು ಆ ಎರಡನೆಯ ಹುಟ್ಟಿನ ಪಿಚರ್.

ನಲವತ್ತೆರಡರ ಹೊಸಬ

1946ರಲ್ಲಿ ಗೋಡೆ ಬಿರುಕು ಬಿಟ್ಟದ್ದು ಅದನ್ನು ಕಟ್ಟಿದ ಹೆಸರಿನ ಲೀಗಿನಲ್ಲಿಯೇ. ಆಗ ಬ್ರೂಕ್ಲಿನ್ ಡಾಜರ್ಸ್ ತಂಡದ ಹೊಣೆ ಹೊತ್ತಿದ್ದ ಬ್ರಾಂಚ್ ರಿಕಿ, ಜಾಕಿ ರಾಬಿನ್‌ಸನ್ ಅವರನ್ನು ಮೊದಲು ಇಂಟರ್‌ನ್ಯಾಷನಲ್ ಲೀಗಿನ ಮಾಂಟ್ರಿಯಲ್ ತಂಡದಲ್ಲಿ ಆಡಿಸಿದರು. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಮೇಜರ್ ಲೀಗಿಗೆ ಕಾಲಿಟ್ಟರು. ಅವರು ಪೇಜ್‌ಗಿಂತ ಹನ್ನೆರಡೂವರೆ ವರ್ಷ ಕಿರಿಯರು. ಮೊದಲಿಗನಾಗುವ ಅವಕಾಶ ತಪ್ಪಿದ ನೋವನ್ನು ಪೇಜ್ ಮುಚ್ಚಿಡಲಿಲ್ಲ.

ಅವರಿಗೆ ಕರೆ ಬಂದದ್ದು 1948ರ ಜುಲೈ 7ರಂದು, ನಲವತ್ತೆರಡನೆಯ ಹುಟ್ಟುಹಬ್ಬದ ದಿನ. ಕ್ಲೀವ್‌ಲೆಂಡ್ ಇಂಡಿಯನ್ಸ್ ತಂಡದ ಮಾಲೀಕ ಬಿಲ್ ವೆಕ್ ಅವರನ್ನು ಸೇರಿಸಿಕೊಳ್ಳುವ ಮುನ್ನ ನಾಯಕ ಲೂ ಬೂಡ್ರೋ ಎದುರು ಎಸೆಸಿ ಪರೀಕ್ಷಿಸಿದರು. ಎರಡು ದಶಕ ಎಸೆದವರನ್ನು ಹೊಸಬರಂತೆ ಪರೀಕ್ಷೆಗೆ ನಿಲ್ಲಿಸಿದ್ದು ಇದು ಮೊದಲು, ಕೊನೆಯದಲ್ಲ. ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆಯ ಸಂಪಾದಕ ಟೇಲರ್ ಸ್ಪಿಂಕ್ ಇದನ್ನು ಪ್ರಚಾರದ ಅಗ್ಗದ ತಂತ್ರವೆಂದು ಟೀಕಿಸಿದರು. ಪೇಜ್ ಆ ಅರ್ಧ ಋತುವಿನಲ್ಲಿ ಆರು ಗೆದ್ದು ಒಂದನ್ನು ಸೋತರು, ಸರಾಸರಿ 2.48. ಅಮೆರಿಕನ್ ಲೀಗಿನ ಮೊದಲ ಕಪ್ಪು ಪಿಚರ್ ಅವರೇ. ಆ ವರ್ಷ ಕ್ಲೀವ್‌ಲೆಂಡ್ ವಿಶ್ವ ಸರಣಿಯನ್ನು ಗೆದ್ದಿತು.

ಅವರ ವಯಸ್ಸು ಎಷ್ಟೆಂಬುದು ದೇಶಕ್ಕೆ ಒಂದು ಒಗಟಾಯಿತು. ಹುಟ್ಟಿದ ದಿನವನ್ನು ಮನೆಯ ಬೈಬಲಿನಲ್ಲಿ ಬರೆದಿಟ್ಟಿದ್ದರು, ಆ ಬೈಬಲನ್ನು ಆಡು ತಿಂದುಬಿಟ್ಟಿತು ಎಂದು ಪೇಜ್ ಕತೆ ಹೇಳಿ ನಗಿಸುತ್ತಿದ್ದರು. ಮೊಬೀಲ್‌ನಲ್ಲಿ ಜನನದ ದಾಖಲೆ ಸಿಕ್ಕಿತು. ಅದರಲ್ಲಿ 1906 ಎಂದೇ ಇದೆ. ಆ ನಗೆಯ ಹಿಂದೆ ಒಂದು ಜಾಣತನವಿತ್ತು. ಇಪ್ಪತ್ತು ವರ್ಷ ತಡವಾಗಿ ಒಳಗೆ ಬಂದವನು ತನ್ನ ವಯಸ್ಸನ್ನು ಒಗಟಾಗಿಸದೆ ಉಳಿಯುವಂತಿರಲಿಲ್ಲ.

1949ರ ಕೊನೆಗೆ ವೆಕ್ ಕ್ಲೀವ್‌ಲೆಂಡ್ ತಂಡವನ್ನು ಮಾರಿದರು. ಪೇಜ್ ಅವರನ್ನು ತಂಡ ಬಿಟ್ಟುಕೊಟ್ಟಿತು. 1951ರಲ್ಲಿ ವೆಕ್ ಸೇಂಟ್ ಲೂಯಿಸ್ ಬ್ರೌನ್ಸ್ ತಂಡವನ್ನು ಕೊಂಡಾಗ ಮತ್ತೆ ಕರೆದರು. 1952ರಲ್ಲಿ ಪೇಜ್ 12 ಪಂದ್ಯ ಗೆದ್ದರು, ಆ ವರ್ಷವೂ ಮರುವರ್ಷವೂ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು. 1953ರ ನಂತರ ತಂಡ ಬಾಲ್ಟಿಮೋರ್‌ಗೆ ವಲಸೆ ಹೋಯಿತು, ಪೇಜ್ ಮತ್ತೆ ಹೊರಗಾದರು.

ಮಯಾಮಿಯ ಮೂರು ಋತುಗಳು

1956ರಲ್ಲಿ ವೆಕ್ ಮಯಾಮಿ ತಂಡವನ್ನು ನಡೆಸಲು ಬಂದರು, ಮೂರನೆಯ ಬಾರಿಗೆ ಪೇಜ್‌ಗೆ ಹೇಳಿಕಳುಹಿಸಿದರು. ಋತುವಿನ ಮೊದಲ ರಾತ್ರಿ ಪೇಜ್ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದು, ಅವರಿಗಾಗಿಯೇ ಇರಿಸಿದ್ದ ತೂಗುಕುರ್ಚಿಯಲ್ಲಿ ಆಸೀನರಾದರು. ಗುಂಪು ನಕ್ಕಿತು. ತಂಡದ ಮ್ಯಾನೇಜರ್ ಡಾನ್ ಆಸ್ಬರ್ನ್ ನಗಲಿಲ್ಲ. ಇವರು ಟಿಕೆಟ್ ಮಾರಲು ತಂದ ಗೊಂಬೆ ಎಂದೇ ಅವರು ಬಗೆದಿದ್ದರು. ಆಗ ವೆಕ್ ಒಂದು ಪಂಥ ಹೂಡಿದರಂತೆ. ತಂಡದ ಒಂಬತ್ತು ಉತ್ತಮ ಬ್ಯಾಟರ್‌ಗಳು ಒಬ್ಬೊಬ್ಬರಾಗಿ ಪೇಜ್ ಎದುರು ನಿಲ್ಲಲಿ, ಸರಿಯಾದ ಹೊಡೆತ ಹೊಡೆದವರಿಗೆ ಹತ್ತು ಡಾಲರ್. ಹತ್ತು ಡಾಲರ್ ಯಾರಿಗೂ ದಕ್ಕಲಿಲ್ಲ.

ಆಸ್ಬರ್ನ್ ಅವರನ್ನು ಮುಖ್ಯವಾಗಿ ಬುಲ್‌ಪೆನ್ನಿನಲ್ಲಿ ಇರಿಸಿಕೊಂಡರು. ಪಂದ್ಯ ಕೈಜಾರುವಾಗ ಕರೆದರು. ಪೇಜ್ ನಿಧಾನವಾಗಿ, ಓಡದೆ, ತೋಟ ನೋಡಲು ಹೊರಟ ಹಿರಿಯರಂತೆ ಮೈದಾನದ ನಡುವಿಗೆ ನಡೆದು ಬರುತ್ತಿದ್ದರು. ಎಸೆತಗಳಲ್ಲಿ ಹಳೆಯ ಬೆಂಕಿಯಿರಲಿಲ್ಲ. ಇದ್ದದ್ದು ಗುರಿ. ತೋಳು ಕಾಯಿಸಿಕೊಳ್ಳುವಾಗ ಚ್ಯೂಯಿಂಗ್ ಗಮ್ಮಿನ ಕಾಗದವನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಚೆಂಡು ಹಾಯುವಂತೆ ಎಸೆಯುವುದು ಅವರ ಹಳೆಯ ಅಭ್ಯಾಸ. 1957ರಲ್ಲಿ ಅವರು 119 ಇನಿಂಗ್ಸ್ ಎಸೆದರು. ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಪುಕ್ಕಟೆ ನಡಿಗೆಗಳನ್ನು ಆ ಋತುವಿನಲ್ಲಿ ಅವರು ಕೊಟ್ಟದ್ದು ಒಟ್ಟು ಹನ್ನೊಂದು. ಸ್ಟ್ರೈಕ್‌ಔಟ್ ಮಾಡಿದ್ದು 76 ಮಂದಿಯನ್ನು. ಅಂದರೆ ಹತ್ತು ಇನಿಂಗ್ಸಿಗೊಮ್ಮೆಯೂ ಅವರು ಒಂದು ನಡಿಗೆಯನ್ನು ದಾನ ಮಾಡಲಿಲ್ಲ. ಅಂದು ಅವರ ಸಹ ಆಟಗಾರರಾಗಿದ್ದು ಮುಂದೆ ಹೆಸರಾಂತ ಮ್ಯಾನೇಜರ್ ಆದ ವೈಟಿ ಹರ್ಜಾಗ್ ಒಂದು ಪ್ರಸಂಗ ಹೇಳುತ್ತಿದ್ದರು. ಮೈದಾನದ ಬೇಲಿಯಲ್ಲಿ ಚೆಂಡು ಹಿಡಿಯುವಷ್ಟೇ ಗಾತ್ರದ ಒಂದು ತೂತಿತ್ತು. ಪಿಚರ್‌ನ ದೂರದಿಂದ ಅದರೊಳಕ್ಕೆ ಎಸೆಯಬಲ್ಲಿರಾ ಎಂದು ಅವರು ಪಣ ಒಡ್ಡಿದರು. ಪೇಜ್ ಅವರ ಮೊದಲ ಚೆಂಡು ತೂತಿನ ಅಂಚಿಗೆ ತಾಗಿ ಹೊರಬಿತ್ತು. ಎರಡನೆಯದು ಆಚೆಗೆ ಹೋಯಿತು.

1956ರ ಆಗಸ್ಟ್ 7ರಂದು ತಂಡವು ತನ್ನ ಪಂದ್ಯವನ್ನು ಆರೆಂಜ್ ಬೌಲ್ ಎಂಬ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಏರ್ಪಡಿಸಿತು. ನೋಡಲು ಬಂದವರು 51,713 ಮಂದಿ. ಮೈನರ್ ಲೀಗಿನ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅಷ್ಟು ಜನ ಸೇರಿರಲಿಲ್ಲ. ಆ ರಾತ್ರಿ ಎಸೆದವರೂ ಗೆದ್ದವರೂ ಪೇಜ್.

ಈ ಸಂಭ್ರಮದ ಸುತ್ತಣ ದೇಶ ಹೇಗಿತ್ತು? ಫ್ಲಾರಿಡಾದಲ್ಲಿ ವರ್ಣಭೇದದ ಕಾನೂನುಗಳು ಜಾರಿಯಲ್ಲಿದ್ದವು. ಪೇಜ್ ಅವರ ತವರು ರಾಜ್ಯದ ಮಾಂಟ್‌ಗೊಮರಿಯಲ್ಲಿ, ಅವರು ಬಾಲ್ಯ ಕಳೆದ ಸುಧಾರಣಾ ಶಾಲೆಯಿಂದ ಕೆಲವೇ ಮೈಲಿ ದೂರದಲ್ಲಿ, ಕಪ್ಪು ಜನರು ಆ ವರ್ಷವಿಡೀ ಬಸ್ಸುಗಳನ್ನು ಬಹಿಷ್ಕರಿಸಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಬಾಗಿಲು ತೆರೆದ ಜಾಕಿ ರಾಬಿನ್‌ಸನ್ 1956ರಲ್ಲಿ ತಮ್ಮ ಕೊನೆಯ ಋತುವನ್ನು ಆಡಿ ನಿವೃತ್ತರಾದರು. ಅವರಿಗಿಂತ ಮೊದಲಿಗರಾಗಬೇಕಿದ್ದವರು ಇನ್ನೂ ಬುಲ್‌ಪೆನ್ನಿನಲ್ಲಿ ಕುಳಿತಿದ್ದರು.

ಇನ್ನು ಮೇಲಿನ ತಂಡ. ನ್ಯಾಷನಲ್ ಲೀಗಿನ ತಂಡಗಳಲ್ಲಿ ಕಪ್ಪು ಆಟಗಾರನನ್ನು ಕಣಕ್ಕಿಳಿಸಲು ಎಲ್ಲರಿಗಿಂತ ಕೊನೆಯದಾದದ್ದು ಫಿಲೀಸ್. ಅದೂ 1957ರ ಏಪ್ರಿಲಿನಲ್ಲಿ, ರಾಬಿನ್‌ಸನ್ ಬಂದು ಹತ್ತು ವರ್ಷಗಳ ಮೇಲೆ. 1956ರಲ್ಲಿ ಆ ತಂಡ 71 ಗೆದ್ದು 83 ಸೋತು ಐದನೆಯ ಸ್ಥಾನದಲ್ಲಿ ಉಳಿಯಿತು. 1958ರಲ್ಲಿ ಕೊನೆಯ ಸ್ಥಾನಕ್ಕಿಳಿಯಿತು. ಕೆಳಗಿನ ಮೆಟ್ಟಿಲಲ್ಲಿ 1.86, 2.42, 2.95 ಎಂಬ ಸರಾಸರಿಗಳ ತೋಳೊಂದು ಮೂರು ವರ್ಷ ಸಿದ್ಧವಾಗಿ ಇತ್ತು. ವಯಸ್ಸನ್ನು ಕಂಡು ಹಿಂಜರಿದರೆಂದರೆ ಒಪ್ಪಬಹುದು. ಐವತ್ತು ದಾಟಿದ ಪಿಚರ್‌ನನ್ನು ನೆಚ್ಚಲು ಯಾವ ಮ್ಯಾನೇಜರ್‌ಗಾದರೂ ಎದೆಗಾರಿಕೆ ಬೇಕು. ಆದರೆ ಆ ವಯಸ್ಸು ಅವರಿಗೆ ಬಂದದ್ದಾದರೂ ಎಲ್ಲಿ? ಇಪ್ಪತ್ತರಲ್ಲಿ, ಮೂವತ್ತರಲ್ಲಿ ಬಣ್ಣ ಅಡ್ಡ ಬಂತು. ಬಣ್ಣದ ತಡೆ ಸಡಿಲಾಗುವಷ್ಟರಲ್ಲಿ ವಯಸ್ಸು ಅಡ್ಡ ಬಂತು. ಮೊದಲನೆಯ ತಡೆ ತಿಂದು ಮುಗಿಸಿದ ವರ್ಷಗಳೇ ಎರಡನೆಯ ತಡೆಯಾಗಿ ನಿಂತವು.

1958ರಲ್ಲಿ ಹತ್ತು ಗೆಲುವು, ಹತ್ತು ಸೋಲುಗಳೊಂದಿಗೆ ಪೇಜ್ ಮಯಾಮಿಯನ್ನು ಬಿಟ್ಟರು. 1961ರಲ್ಲಿ ಪೋರ್ಟ್‌ಲೆಂಡ್‌ನ ಟ್ರಿಪಲ್-ಎ ತಂಡಕ್ಕೆ ಕೆಲಕಾಲ ಎಸೆದರು. 1965ರ ಸೆಪ್ಟೆಂಬರ್ 25ರಂದು ಕ್ಯಾನ್ಸಸ್ ಸಿಟಿಯ ಮಾಲೀಕ ಚಾರ್ಲ್ಸ್ ಫಿನ್ಲಿ ಪ್ರಚಾರಕ್ಕೆಂದು ಅವರನ್ನು ಒಂದು ಪಂದ್ಯಕ್ಕೆ ಮೇಜರ್ ಲೀಗಿಗೆ ತಂದರು. ತೂಗುಕುರ್ಚಿಯ ಪಕ್ಕ ಒಬ್ಬ ದಾದಿಯನ್ನೂ ಕೂರಿಸಿದ್ದರು. ಐವತ್ತೊಂಬತ್ತರ ಪೇಜ್ ಬಾಸ್ಟನ್ ತಂಡಕ್ಕೆ ಮೂರು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಕೊಡಲಿಲ್ಲ. ಅವರಿಗೆ ಹೊಡೆತ ಹೊಡೆದವರು ಕಾರ್ಲ್ ಯಸ್ಟ್ರೆಮ್‌ಸ್ಕಿ ಒಬ್ಬರೇ. ಮರುವರ್ಷ ಕೆಳದರ್ಜೆಯ ಕ್ಯಾರೊಲಿನಾ ಲೀಗಿನಲ್ಲಿ ಎರಡು ಇನಿಂಗ್ಸ್ ಎಸೆದರು.

158 ದಿನಗಳು

ಮೇಜರ್ ಲೀಗಿನ ಆಟಗಾರರಿಗೆ 1947ರಿಂದ ಪಿಂಚಣಿಯ ಏರ್ಪಾಟಿತ್ತು. ಅದಕ್ಕೆ ಐದು ವರ್ಷಗಳ ಸೇವೆ ಬೇಕು. 1968ರಲ್ಲಿ ಲೆಕ್ಕ ತೆಗೆದಾಗ ಪೇಜ್ ಅವರ ಸೇವೆಗೆ 158 ದಿನಗಳು ಕಡಿಮೆ ಬಿದ್ದವು. ನಾಲ್ಕು ದಶಕ ಎಸೆದ ತೋಳಿಗೆ 158 ದಿನಗಳು. ನೀಗ್ರೋ ಲೀಗಿನ ಎರಡು ದಶಕಗಳು ಆ ಲೆಕ್ಕದಲ್ಲಿ ಸೊನ್ನೆ. ಮಯಾಮಿಯ ಮೂರು ಋತುಗಳೂ ಸೊನ್ನೆ. ಫಿಲೀಸ್ ತಂಡ ಅವರನ್ನು ಒಂದೇ ಒಂದು ಋತುವಿಗೆ ಮೇಲಕ್ಕೆ ಕರೆದು ಬೆಂಚಿನ ಮೇಲೆ ಸುಮ್ಮನೆ ಕೂರಿಸಿದ್ದರೂ ಆ ಕೊರತೆ ತುಂಬುತ್ತಿತ್ತು.

ಕೊನೆಗೆ ಅಟ್ಲಾಂಟಾ ಬ್ರೇವ್ಸ್ ತಂಡದ ಅಧ್ಯಕ್ಷ ವಿಲಿಯಂ ಬಾರ್ತೊಲೊಮೆ 1968ರ ಆಗಸ್ಟಿನಲ್ಲಿ ಅವರ ಹೆಸರನ್ನು ತಮ್ಮ ಸಂಬಳಪಟ್ಟಿಗೆ ಸೇರಿಸಿಕೊಂಡರು. ಪೇಜ್ ಅಧಿಕೃತ ಪಂದ್ಯವೊಂದರಲ್ಲೂ ಎಸೆಯಲಿಲ್ಲ. ತರಬೇತುದಾರರಾಗಿ ಮರುವರ್ಷದವರೆಗೆ ತಂಡದೊಂದಿಗಿದ್ದು ದಿನಗಳನ್ನು ತುಂಬಿಸಿಕೊಂಡರು. ಎಸೆದ ದಿನಗಳನ್ನು ಎಣಿಸದ ವ್ಯವಸ್ಥೆ, ಎಸೆಯದ ದಿನಗಳನ್ನು ಎಣಿಸಿ ಪಿಂಚಣಿ ಕೊಟ್ಟಿತು. ಬಾರ್ತೊಲೊಮೆ ಮಾಡಿದ್ದು ನಿಸ್ಸಂದೇಹವಾಗಿ ಒಳ್ಳೆಯ ಕೆಲಸ. ಆದರೆ ಹಕ್ಕಾಗಿ ಬರಬೇಕಾದುದು ಒಬ್ಬ ಮಾಲೀಕರ ಸದ್ಭಾವನೆಯಿಂದ ಬರಬೇಕಾಯಿತು.

1966ರಲ್ಲಿ ಟೆಡ್ ವಿಲಿಯಮ್ಸ್ ಬೇಸ್‌ಬಾಲಿನ ಕೀರ್ತಿಭವನಕ್ಕೆ ಸೇರ್ಪಡೆಯಾದಾಗ ಮಾಡಿದ ಭಾಷಣದಲ್ಲಿ ಪೇಜ್ ಮತ್ತು ಜಾಷ್ ಗಿಬ್ಸನ್ ಅವರಿಗೂ ಅಲ್ಲಿ ಸ್ಥಾನ ಸಿಗಲಿ ಎಂದು ಹಾರೈಸಿದರು. 1971ರಲ್ಲಿ ಪೇಜ್ ಆಯ್ಕೆಯಾದರು. ನೀಗ್ರೋ ಲೀಗಿನವರ ಫಲಕಗಳನ್ನು ಪ್ರತ್ಯೇಕವಾಗಿ ಇರಿಸುವುದೆಂದು ಮೊದಲು ನಿರ್ಧಾರವಾಗಿತ್ತು. ಸಾರ್ವಜನಿಕರ ಆಕ್ಷೇಪದ ನಂತರ ಅದನ್ನು ಕೈಬಿಟ್ಟು ಉಳಿದವರ ಸಾಲಿನಲ್ಲಿಯೇ ಇರಿಸಿದರು. ಕೀರ್ತಿಯ ಮನೆಯಲ್ಲೂ ಅವರಿಗೆ ಮೊದಲು ತೋರಿಸಿದ್ದು ಪಕ್ಕದ ಬಾಗಿಲನ್ನೇ. 1982ರ ಜೂನ್ 8ರಂದು ಕ್ಯಾನ್ಸಸ್ ಸಿಟಿಯಲ್ಲಿ ಪೇಜ್ ತೀರಿಕೊಂಡರು.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್, 1920ರಿಂದ 1948ರವರೆಗಿನ ನೀಗ್ರೋ ಲೀಗುಗಳನ್ನು ತನಗೆ ಸಮಾನವೆಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಪೇಜ್ ಅವರ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕ್ಯಾನ್ಸಸ್ ಸಿಟಿಯ ವರ್ಷಗಳು ಹೀಗೆ, ಅವರು ತೀರಿಕೊಂಡು ನಾಲ್ಕು ದಶಕಗಳ ಮೇಲೆ, ಎಣಿಕೆಗೆ ಬಂದಿವೆ. ತಡವಾದರೂ ಇದು ದೊಡ್ಡ ತಿದ್ದುಪಡಿ. ಆದರೆ 1956ರ ಆ 111 ಇನಿಂಗ್ಸ್ ಇಂದಿಗೂ ಮೈನರ್ ಲೀಗಿನ ಪುಟದಲ್ಲಿಯೇ ಇವೆ, ನಿಯಮದ ಪ್ರಕಾರ ಇರಬೇಕಾದದ್ದೂ ಅಲ್ಲಿಯೇ. ಸ್ಯಾಚೆಲ್ ಪೇಜ್ ಅವರನ್ನು ಅರಿಯಬೇಕೆನ್ನುವವರು ಆ ಪುಟವನ್ನೂ ತೆರೆಯಬೇಕು. ಕರೆ ಬಾರದೆಂದು ಬಹುಶಃ ಗೊತ್ತಿದ್ದೂ ಒಬ್ಬ ಮನುಷ್ಯ ಪ್ರತಿ ಸಂಜೆ ತೋಳು ಕಾಯಿಸಿಕೊಂಡು ಸಿದ್ಧನಾಗಿ ಕುಳಿತಿದ್ದುದಕ್ಕೆ ಉಳಿದಿರುವ ಲಿಖಿತ ಸಾಕ್ಷಿ ಅದೊಂದೇ.